ರಿಯಾಯಿತಿ ಇಲ್ಲದ ಡೋರೋ

ಡೋರೋ ಮನೆ ಮುಂದೆ ಹಲಗೆ ತೂಗುಹಾಕಿದ್ದೇ ತಪ್ಪಾಯಿತು. ಮೇಲೆ ನೀಲಿ ಅಕ್ಷರದಲ್ಲಿ 'ಡೋರೋ ಫೋಟೋ', ಕೆಳಗೆ ಮದುವೆಗೆ ಇಷ್ಟು, ಹುಟ್ಟುಹಬ್ಬಕ್ಕೆ ಇಷ್ಟು, ಮಗುವಿನ ಜ್ಞಾನಸ್ನಾನಕ್ಕೆ ಮೂರು ಸಾವಿರ ಪೆಸೊ, ಎಲ್ಲಕ್ಕಿಂತ ಕೆಳಗೆ ಕೆಂಪಿನಲ್ಲಿ 'ರಿಯಾಯಿತಿ ಕೇಳಬೇಡಿ'. ಎರಡು ವರ್ಷದಿಂದ ಅವನು ಈ ಬೀದಿಯವರ ಮದುವೆಯಿಂದ ಹಿಡಿದು ಶವಯಾತ್ರೆಯವರೆಗೆ ಎಲ್ಲದರ ಫೋಟೋ ಪುಕ್ಕಟೆ ತೆಗೆದಿದ್ದ. ಆಗ ಯಾರೂ ಕಾನೂನಿನ ಮಾತೆತ್ತಿರಲಿಲ್ಲ.

ಹೋದ ವಾರ ಅವನು ಐಸ್ ಕಾರ್ಖಾನೆಯ ಕೆಲಸ ಬಿಟ್ಟಿದ್ದ. ಹೆಂಡತಿ ಲಿಗಾಯಾ ಕೂಗಾಡಲಿಲ್ಲ, ಅಳಲಿಲ್ಲ, ಒಂದೇ ಮಾತು ಹೇಳಿದ್ದಳು. "ಈ ವಾರದೊಳಗೆ ಒಂದಾದ್ರೂ ಪೂರ್ತಿ ರೇಟಿನ ಕೆಲಸ ಹಿಡಿ. ಇಲ್ಲಾಂದ್ರೆ ಸೋಮವಾರ ವಾಪಸ್ ಐಸ್ ಹೊರೋಕೆ ಹೋಗು."

ಇವತ್ತು ಶುಕ್ರವಾರ. ಅದೃಷ್ಟಕ್ಕೆ ಒಂದು ಕೆಲಸ ಸಿಕ್ಕಿತ್ತು. ನಮ್ಮ ಬರಾಂಗಾಯ್‌ನ, ಅಂದರೆ ವಾರ್ಡಿನ ಮುಖ್ಯಸ್ಥೆ, ಕ್ಯಾಪ್ಟನ್ ಬೇಬಾಂಗ್, ಮೊಮ್ಮಗನ ಜ್ಞಾನಸ್ನಾನವನ್ನು ಸಂಜೆಗೆ ಇಟ್ಟುಕೊಂಡಿದ್ದಳು. ಹಡಗಿನಲ್ಲಿ ದುಡಿಯುವ ಅಳಿಯ ನಾಳೆಯೇ ಹೊರಡುವವನು, ಭಾನುವಾರದವರೆಗೆ ಕಾಯುವಂತಿರಲಿಲ್ಲ. ಹಲಗೆಯ ಮೇಲಿನ ದರಕ್ಕೇ ಅವಳು ಫೋನಿನಲ್ಲಿ ಹೂಂ ಅಂದಿದ್ದಳು.

ಎದುರುಮನೆಯ ಪಾಸಿತಾ ಕಡ್ಡಿಗೆ ಚುಚ್ಚಿದ ಹಂದಿಮಾಂಸ ಸುಡುತ್ತಿದ್ದವಳು ಬೀಸಣಿಗೆ ಹಿಡಿದೇ ಬಂದಳು.

"ಈ ರೇಟು ಹೊರಗಿನೋರಿಗೆ ಅಲ್ವೇನೋ? ನಮಗೆಷ್ಟು?"

"ಎಲ್ಲರಿಗೂ ಅಷ್ಟೇ ಅಕ್ಕಾ."

"ಹೌದಾ. ಒಳ್ಳೇದಪ್ಪ. ಲೈಸೆನ್ಸ್ ಮಾಡಿಸಿದ್ಯಾ? ಏನಿಲ್ಲ, ಸುಮ್ನೆ ಕೇಳ್ದೆ."

ನಮ್ಮೂರಲ್ಲಿ ಯಾರಾದರೂ ಸುಮ್ಮನೆ ಕೇಳಿದರು ಎಂದರೆ ಎದೆ ಧಸಕ್ಕೆನ್ನಬೇಕು. ಪಾಸಿತಾಳ ಕಡ್ಡಿಗಳು ಇನ್ನೊಂದು ಮಗ್ಗುಲು ಬೇಯುವಷ್ಟರಲ್ಲಿ ಬರಾಂಗಾಯ್ ಕಚೇರಿಯಿಂದ ಡೋರೋಗೆ ಕರೆ ಬಂತು.

ಕ್ಯಾಪ್ಟನ್ ಬೇಬಾಂಗ್ ಫ್ಯಾನಿನ ಕೆಳಗೆ ಕೂತಿದ್ದಳು. ಪಾಸಿತಾ ಅವನಿಗಿಂತ ಮೊದಲೇ ಬಂದು ಪಕ್ಕದ ಕುರ್ಚಿ ಹಿಡಿದಿದ್ದಳು.

"ನೀನು ಪುಕ್ಕಟೆ ತೆಗೀತಿದ್ದೆ, ನಾನು ಕಣ್ಣು ಮುಚ್ಕೊಂಡಿದ್ದೆ" ಎಂದಳು ಕ್ಯಾಪ್ಟನ್. "ಹಲಗೆ ಹಾಕಿದ್ ಮೇಲೆ ಅದು ವ್ಯಾಪಾರ. ಮೊದಲು ನನ್ನ ಸಹಿ ಬೇಕು, ಆಮೇಲೆ ಪುರಸಭೆ ಪರವಾನಗಿ. ಅಕ್ಕಪಕ್ಕದೋರ ತಕರಾರು ಇಲ್ಲ ಅಂತಾನೂ ಬೇಕು."

"ಇವತ್ತೇ ಮಾಡಿಸ್ತೀನಿ ಕ್ಯಾಪ್ಟನ್. ಹಾಗೇ ನೀವೂ ಇದಕ್ಕೊಂದು ಸಹಿ ಹಾಕ್ಬಿಡಿ." ಡೋರೋ ಜೇಬಿನಿಂದ ಸಂಜೆಯ ಕೆಲಸದ ಕರಾರುಪತ್ರ ತೆಗೆದ. ನೋಟರಿ ವಕೀಲನಿಗೆ ದುಡ್ಡು ಕೊಟ್ಟು ಬರೆಸಿದ್ದ ಪತ್ರ.

ಕ್ಯಾಪ್ಟನ್ ಕನ್ನಡಕ ಏರಿಸಿ ಓದಿದಳು. "'ಚಿತ್ರಗಳ ಹಕ್ಕು ಛಾಯಾಗ್ರಾಹಕನದು.' ಏನಿದು? ನನ್ನ ಮೊಮ್ಮಗನ ಮುಖ ನಿಂದಾ?"

"ಮುಖ ನಿಮ್ದೇ ಕ್ಯಾಪ್ಟನ್. ಫೋಟೋ ನಂದು."

"ಹುಟ್ಟಿಸಿದೋರು ಒಬ್ರು, ಹಕ್ಕು ಇನ್ನೊಬ್ರದ್ದು" ಎಂದಳು ಪಾಸಿತಾ. "ನಾಳೆ ಆ ಮಗೂನ ಸೋಪಿನ ಜಾಹೀರಾತಿಗೆ ಹಾಕ್ತಾನೆ, ನೋಡ್ತಾ ಇರಿ."

ಸೋಪು ಮಾಡುವವರ ಪರಿಚಯವೇ ತನಗಿಲ್ಲ ಎಂದು ಡೋರೋ ಬೆವರೊರೆಸಿಕೊಳ್ಳುತ್ತ ವಿವರಿಸಿದ. ಪಾಸಿತಾ ತಕರಾರಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಲು ಪೆನ್ನು ಎತ್ತಿದವಳು ಅಲ್ಲೇ ನಿಲ್ಲಿಸಿದಳು.

"ಮುಂದಿನ ತಿಂಗಳು ನನ್ನ ಮಗಳ ಕೂಸಿನ ಜ್ಞಾನಸ್ನಾನ. ನೀನೇ ಧರ್ಮಪಿತ ಆಗ್ಬೇಕು ಡೋರೋ."

ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊರುವ ಧರ್ಮಪಿತನಾಗಲು ಒಲ್ಲೆ ಎಂದರೆ ಮಗುವಿಗೇ ಕೇಡು ಬಯಸಿದ ಹಾಗೆ. ಹೂಂ ಎಂದರೆ ಇಡೀ ಮನೆತನದ ಜೊತೆ ನೆಂಟಸ್ತನ ಬೆಳೆಯುತ್ತದೆ, ನೆಂಟರ ಹತ್ತಿರ ಫೋಟೋಗೆ ದುಡ್ಡು ಕೇಳುವುದುಂಟೇ? ಅದರ ಮೇಲೆ ಕೈಯಿಂದ ಉಡುಗೊರೆ ಬೇರೆ ಕೊಡಬೇಕು.

"ಆಗ್ತೀನಿ ಅಕ್ಕಾ" ಎಂದ. ಪಾಸಿತಾ ಸಹಿ ಹಾಕಿದಳು.

ಕ್ಯಾಪ್ಟನ್ ಬೇಬಾಂಗ್ ಇದನ್ನೆಲ್ಲ ನೋಡುತ್ತಿದ್ದವಳು ತಾನೂ ಪೆನ್ನನ್ನು ಗಾಳಿಯಲ್ಲೇ ಹಿಡಿದಳು. "ಅಯ್ಯೋ, ನಂಗೆ ಮೊದಲೇ ಹೊಳೀಲೇ ಇಲ್ಲ ನೋಡು. ಇವತ್ತು ಸಂಜೆ ನನ್ನ ಮೊಮ್ಮಗನಿಗೂ ನೀನೇ ಧರ್ಮಪಿತ."

"ಕ್ಯಾಪ್ಟನ್, ಆ ಮೂರು ಸಾವಿರ..."

"ಧರ್ಮಪಿತ ಮಗು ಹತ್ರ ಬಿಲ್ಲು ವಸೂಲಿ ಮಾಡ್ತಾನೇನಪ್ಪಾ?" ಕ್ಯಾಪ್ಟನ್ ಮೃದುವಾಗಿ ಕೇಳಿ ಸಹಿ ಹಾಕಿದಳು, ಪರವಾನಗಿ ಕಾಗದಕ್ಕೆ ಮಾತ್ರ. ಕರಾರುಪತ್ರದಿಂದ ಗಾಳಿ ಬೀಸಿಕೊಳ್ಳತೊಡಗಿದಳು.

ಪುರಸಭೆಯ ಕಿಟಕಿಯ ಮುಂದೆ ನಿಂತಾಗ ಡೋರೋಗೆ ಅಳುವೇ ಬಂತು. ಕಾನೂನು ಪ್ರಕಾರ ವ್ಯಾಪಾರ ಶುರುವಾಗುವ ಮೊದಲೇ ಗಿರಾಕಿಗಳೆಲ್ಲ ನೆಂಟರಾಗಿ ಹೋಗಿದ್ದರು. ಗುಮಾಸ್ತ ಅವನ ಕತೆ ಕೇಳಿ ಮರುಗಿದ. ಅವನೂ ಪಾಪ ಅರ್ಧ ಊರಿಗೆ ಧರ್ಮಪಿತ.

"ಪೆದ್ದ ಕಣಯ್ಯ ನೀನು. ಮಾಲೀಕರ ಹೆಸರು ಇನ್ನೂ ಖಾಲಿ ಇದೆ. ಹೆಂಡ್ತಿ ಹೆಸರು ಹಾಕು. ರೇಟು ಮಾಲೀಕಳದ್ದು, ನೀನು ಬರೀ ಕೂಲಿ. 'ನಾನೇನು ಮಾಡ್ಲಿ, ಯಜಮಾನಿ ಒಪ್ಪಲ್ಲ' ಅಂದ್ಬಿಡು. ನೆಂಟಸ್ತನಾನೂ ಉಳೀತು, ದುಡ್ಡೂ ಬಂತು."

ಡೋರೋ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಕೂಡಲೇ ಲಿಗಾಯಾಳನ್ನು ಕರೆಸಿದ. ಅವಳು ಅರ್ಜಿಯನ್ನು ಸಾಲು ಸಾಲಾಗಿ ಓದಿದಳು.

"ಅಂದ್ರೆ ರೇಟು ನಾನು ಹೇಳಿದ್ದೇ?"

"ಹೌದಮ್ಮ" ಎಂದ ಗುಮಾಸ್ತ.

"ಯಾರು ಏನು ಕೆಲಸ ಮಾಡ್ಬೇಕು ಅನ್ನೋದೂ?"

"ಎಲ್ಲಾ ನಿಮ್ದೇ. ಕಾನೂನಿನ ಕಣ್ಣಿಗೆ ಇವನು ನಿಮ್ಮ ಆಳು."

ಲಿಗಾಯಾ ಸಹಿ ಹಾಕಿ ಅಲ್ಲಿಂದ ನೇರವಾಗಿ ಕ್ಯಾಪ್ಟನ್ ಮನೆಗೆ ಹೋದಳು. ಡೋರೋ ಗೇಟಿನ ಹೊರಗೇ ನಿಂತ. ಒಳಗಿನಿಂದ ಅವಳ ದನಿ ಕೇಳಿಸುತ್ತಿತ್ತು. "ಧರ್ಮಪಿತ ಅವನು, ನಾನಲ್ಲ ಕ್ಯಾಪ್ಟನ್. ನಾನು ಯಾರ ನೆಂಟಳೂ ಅಲ್ಲ. ಮೂರು ಸಾವಿರ, ಮುಂಗಡ." ಹಡಗಿನ ಅಳಿಯ ಅತ್ತೆಯ ಮುಖ ನೋಡಿದ, ಗಡಿಯಾರ ನೋಡಿದ, ತಾನೇ ಎಣಿಸಿ ಕೊಟ್ಟ. ಕರಾರುಪತ್ರಕ್ಕೂ ಸಹಿ ಬಿತ್ತು. ಡೋರೋಗೆ ಕುಣಿಯುವಂತಾಯಿತು. ಐಸ್ ಕಾರ್ಖಾನೆಯ ದಾರಿ ಇನ್ನು ಜನ್ಮದಲ್ಲಿ ತುಳಿಯಬೇಕಿಲ್ಲ ಎಂದುಕೊಂಡ.

ಸಂಜೆ ಇಗರ್ಜಿಯಲ್ಲಿ ಅವನು ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಮುಂದೆ ಹೊರಟಾಗ ಲಿಗಾಯಾ ಅದರ ಪಟ್ಟಿ ಹಿಡಿದು ನಿಲ್ಲಿಸಿದಳು.

"ಎಲ್ಲಿಗೆ?"

"ಫೋಟೋ ತೆಗೆಯೋಕೆ."

"ಧರ್ಮಪಿತ ಮೋಂಬತ್ತಿ ಹಿಡ್ಕೊಂಡು ಮಗು ಪಕ್ಕ ನಿಲ್ಬೇಕು. ಪ್ರತಿ ಫೋಟೋದಲ್ಲೂ ನೀನು ಇರ್ಬೇಕು. ಗಿರಾಕಿ ಪೂರ್ತಿ ದುಡ್ಡು ಕೊಟ್ಟಿದ್ದಾರೆ, ನೀನು ಅದರೊಳಗೆ ಇಲ್ಲ ಅಂದ್ರೆ ನನ್ನ ವ್ಯಾಪಾರ ಏನಾಗ್ಬೇಕು?"

"ಮತ್ತೆ ತೆಗೆಯೋರು ಯಾರು?"

"ನಾನು. ಎರಡು ವರ್ಷ ನಿನ್ನ ಹಿಂದೆ ದೀಪ ಹಿಡಿದು ನಿಂತಿದೀನಿ, ಅಷ್ಟೂ ಕಲೀಲಿಲ್ವಾ?"

"ಲಿಗಾಯಾ, ಫೋಟೋಗ್ರಾಫರ್ ನಾನು ಕಣೇ."

"ನೀನು ಆಳು. ಇವತ್ತು ರಜಾ." ಅವಳು ಕ್ಯಾಮೆರಾ ಕೊರಳಿಗೆ ಹಾಕಿಕೊಂಡಳು. "ಮಗೂಗೆ ಕೊಡೋ ಉಡುಗೊರೆ ತಂದಿದೀನಿ, ತಗೋ. ನಿನ್ನ ಲೆಕ್ಕಕ್ಕೆ ಬರ್ಕೋತೀನಿ."

ಹಿಂದಿನ ಬೆಂಚಿನಿಂದ ಪಾಸಿತಾ ಕ್ಯಾಪ್ಟನ್ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಮುಂದಿನ ತಿಂಗಳು ನಮ್ಮದಕ್ಕೂ ಇವಳೇ ಬರ್ಲಿ. ಅವನು ಹೇಗಿದ್ರೂ ಮೋಂಬತ್ತಿ ಹಿಡೀತಾನಲ್ಲ." ಕ್ಯಾಪ್ಟನ್ ತಲೆದೂಗಿದಳು. ಕಚೇರಿಯ ಮುಂದೆ ಇನ್ನೂ ನಾಲ್ಕು ಬಸುರಿಯರು ಧರ್ಮಪಿತನಾಗಲು ಡೋರೋ ಸಿಗುತ್ತಾನಾ ಎಂದು ವಿಚಾರಿಸಿಕೊಂಡು ಹೋಗಿದ್ದಾರಂತೆ.

ಪಾದ್ರಿಗಳು ಮಗುವಿನ ತಲೆಗೆ ನೀರು ಹಾಕಿದರು. ಮೋಂಬತ್ತಿ ಕರಗಿ ಡೋರೋನ ಬೆರಳಿನ ಮೇಲೆ ಬಿತ್ತು. ಅಷ್ಟೂ ಉಡುಗೊರೆಯ ಸಾಲ ತೀರಿಸಲು ಸೋಮವಾರ ಮತ್ತೆ ಕೆಲಸ ಕೇಳುವಾಗ ಐಸ್ ಕಾರ್ಖಾನೆಯ ಮ್ಯಾನೇಜರ್ ಮುಂದೆ ಏನೆಂದು ಹೇಳುವುದು ಎಂದು ಅವನು ಯೋಚಿಸುತ್ತಿದ್ದಾಗ ಲಿಗಾಯಾ ಕ್ಯಾಮೆರಾ ಹಿಂದಿನಿಂದ ತಲೆಯೆತ್ತಿದಳು.

"ಧರ್ಮಪಿತರು ಸ್ವಲ್ಪ ನಗ್ಬೇಕು" ಎಂದಳು. "ಪೂರ್ತಿ ರೇಟಿನ ಫೋಟೋ ಇದು."