ಇಲ್ಲದಿದ್ದರೆ ಮೇಷ್ಟ್ರು

ಗಣಿತದ ಮೇಷ್ಟ್ರಿಗೆ ಮಕ್ಕಳು ಇಟ್ಟ ಹೆಸರು 'ಇಲ್ಲದಿದ್ದರೆ ಮೇಷ್ಟ್ರು'. "ಹೋಂವರ್ಕ್ ಮುಗಿಸ್ಕೊಂಡು ಬನ್ನಿ, ಇಲ್ಲದಿದ್ದರೆ..." "ಕಿಟಕಿ ಕಡೆ ನೋಡಬೇಡ, ಇಲ್ಲದಿದ್ದರೆ..." ಹೀಗೆ ಅವರ ಪ್ರತಿಯೊಂದು ಮಾತೂ ಆ ಪದದ ಹತ್ತಿರ ಬಂದು ನಿಂತುಬಿಡುತ್ತಿತ್ತು. ಅದರ ಮುಂದೆ ಏನಿದೆ ಎಂದು ಅವರು ಯಾವತ್ತೂ ಹೇಳಿದವರಲ್ಲ. (ಹೇಳಲು ಏನೂ ಇರಲಿಲ್ಲ. ಬೆತ್ತದ ಕಾಲ ಎಂದೋ ಮುಗಿದಿತ್ತು.) ಮನೆಯಲ್ಲೂ ಅದೇ ಚಾಳಿ. "ಬೇಗ ಟವೆಲ್ ಕೊಡು, ಇಲ್ಲದಿದ್ದರೆ..." ಎಂದು ಬಚ್ಚಲುಮನೆಯಿಂದ ಗುಡುಗುತ್ತಿದ್ದರು.

"ಇಲ್ಲದಿದ್ದರೆ ಏನು ಮಾಡ್ತೀರಿ?" ಎಂದು ಹೆಂಡತಿ ಅಡುಗೆಮನೆಯಿಂದ ತಣ್ಣಗೆ ಕೇಳುತ್ತಿದ್ದಳು.

ಮೇಷ್ಟ್ರು ಒದ್ದೆ ಮೈಯಲ್ಲೇ ಬಂದು ತಾವೇ ಟವೆಲ್ ತೆಗೆದುಕೊಂಡು ಹೋಗುತ್ತಿದ್ದರು.

ಹೀಗಿರುವಾಗ ಶಾಲೆಯಲ್ಲಿ ಶಿಕ್ಷಕರಿಗೆಲ್ಲ ಕಂಪ್ಯೂಟರ್ ತರಬೇತಿ ಶುರುವಾಯಿತು. ತರಬೇತಿ ಕೊಡುವ ಮೇಡಂ ಮೊದಲ ದಿನವೇ ಬೋರ್ಡಿನ ಮೇಲೆ ದೊಡ್ಡದಾಗಿ 'ಇದ್ದರೆ', ಅದರ ಕೆಳಗೆ 'ಇಲ್ಲದಿದ್ದರೆ' ಎಂದು ಬರೆದು, "ಎಷ್ಟೇ ದೊಡ್ಡ ಪ್ರೋಗ್ರಾಂ ಆಗಲಿ, ಅದರ ಜೀವ ಈ ಎರಡು ಪದದಲ್ಲಿದೆ" ಎಂದುಬಿಟ್ಟರು. ಮೇಷ್ಟ್ರಿಗೆ ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ.

"ಕೇಳಿದೆಯೇನೇ? ಜಗತ್ತು ಈಗ ಕಲೀತಾ ಇರೋದನ್ನ ನಾನು ಮದುವೆಗೆ ಮುಂಚಿನಿಂದ್ಲೂ ಆಡ್ಕೊಂಡು ಬಂದಿದೀನಿ!" ಎಂದರು ಮನೆಗೆ ಬಂದು.

"ಅರ್ಧ ಮಾತ್ರ ಆಡಿದೀರಿ," ಎಂದಳು ಹೆಂಡತಿ.

ಆಕೆ ಬಟ್ಟೆ ಒಗೆಯುವ ಯಂತ್ರದ ಕಂಪನಿಯೊಂದರಲ್ಲಿ ಫೋನಿನ ಮೇಲೆ ದೂರು ಕೇಳುವ ಕೆಲಸದಲ್ಲಿದ್ದಳು. "ಸರ್, ಮೊದಲು ನಲ್ಲಿ ತಿರುಗಿಸಿದೀರಾ? ಎಡಗಡೆ ನಲ್ಲಿ ಅಲ್ಲ ಸರ್, ಬಲಗಡೆದು. ನಿಮ್ಮ ಬಲಗಡೆ ಸರ್, ನನ್ನ ಬಲಗಡೆ ಅಲ್ಲ." ದಿನವಿಡೀ ಇದೇ. ಮೇಷ್ಟ್ರು ಅದನ್ನು ಕೆಲಸವೆಂದೇ ಎಣಿಸಿರಲಿಲ್ಲ. ಫೋನಿನಲ್ಲಿ ಮಾತಾಡುವುದಕ್ಕೆ ಯಾರಾದರೂ ಸಂಬಳ ಕೊಡುತ್ತಾರೆಯೇ ಎಂದು ಅವರಿಗೆ ಇಂದಿಗೂ ಆಶ್ಚರ್ಯ.

ತರಬೇತಿಯ ಕೊನೆಯ ದಿನ ಒಂದು ಪರೀಕ್ಷೆ ಇತ್ತು. ಅದಕ್ಕೆ ಕಂಪ್ಯೂಟರೇ ಬೇಡ. ಶಿಕ್ಷಕರೇ ಯಂತ್ರವಾಗಬೇಕು, ಮನೆಯವರೊಬ್ಬರು ಬಂದು ಆಜ್ಞೆ ಕೊಡಬೇಕು. ಯಂತ್ರ ಹೊರಗಿನಿಂದ ಒಳಗೆ ಬಂದು, ದೀಪ ಬೆಳಗಿಸಿ, ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿ ಮೇಡಂ ಕೈಗೆ ಕೊಡಬೇಕು. ಗೆದ್ದವರು ಶಾಲೆಯ ಮಕ್ಕಳ ತಂಡವನ್ನು ಅಂತರಶಾಲಾ ಪ್ರೋಗ್ರಾಮಿಂಗ್ ಸ್ಪರ್ಧೆಗೆ ಕರೆದುಕೊಂಡು ಹೋಗಬೇಕು. (ಮಾರ್ಗದರ್ಶಕರು ಶಿಕ್ಷಕರೇ ಆಗಬೇಕೆಂದಿಲ್ಲ, ಪೋಷಕರೂ ಆಗಬಹುದು ಎಂದು ಮೇಡಂ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಮೇಷ್ಟ್ರೇ.)

ಮೇಷ್ಟ್ರಿಗೆ ಆ ತಂಡ ಬೇಕೇ ಬೇಕಿತ್ತು. ಸ್ಟಾಫ್ ರೂಮಿನ ಗಾಜಿನ ಬೀರುವಿನ ತುಂಬ ಆಟದ ಮೇಷ್ಟ್ರು ಗೆದ್ದುತಂದ ಕಪ್ಪುಗಳು. ಗಣಿತದವರು ತಂದದ್ದೆಂದರೆ ಅದರ ಬೀಗದ ಕೈ ಮಾತ್ರ. ಒಂದೇ ಒಂದು ಸಲ ವೇದಿಕೆಯ ಮೇಲೆ ತಮ್ಮ ಹೆಸರು ಕರೆದು ಜನ ಚಪ್ಪಾಳೆ ತಟ್ಟಬೇಕು ಎಂಬುದು ಅವರ ಬಹಳ ಹಳೆಯ ಆಸೆ. ಪೈಪೋಟಿಗೆ ಚಿತ್ರಕಲೆಯ ಮೇಷ್ಟ್ರು ಬೇರೆ ನಿಂತಿದ್ದರು. ಅವರು ಬೋರ್ಡಿನ ಮೇಲೆ ಕಂಪ್ಯೂಟರನ್ನು ಕಂಪ್ಯೂಟರಿಗಿಂತ ಚೆನ್ನಾಗಿ ಬರೆಯುತ್ತಿದ್ದರು.

"ನಿಯಮ ಏನಪ್ಪಾ ಅಂದ್ರೆ, ಯಂತ್ರ ಹೇಳಿದ್ದಷ್ಟೇ ಮಾಡಬೇಕು. ಎದುರು ಮಾತಾಡಬಾರದು," ಎಂದರು ಮೇಷ್ಟ್ರು.

"ಯಂತ್ರ ಯಾರು?"

"ನಾನು."

"ಆ ನಿಯಮ ಇನ್ನೊಂದು ಸಲ ಹೇಳಿ. ಕೇಳೋಕೆ ಹಿತವಾಗಿದೆ."

ತಾಲೀಮು ಶುರುವಾಯಿತು. ಮೇಷ್ಟ್ರು ಬಾಗಿಲಿನ ಹೊರಗೆ ಸೆಟೆದು ನಿಂತರು. ಒಂಬತ್ತನೇ ತರಗತಿಯ ಮಗಳು (ಆ ತಂಡದಲ್ಲಿ ಅವಳೂ ಇದ್ದಳು, ಚಿತ್ರಕಲೆಯ ಮೇಷ್ಟ್ರೇ ಗೆಲ್ಲಲಿ ಎಂದು ಒಳಗೊಳಗೇ ಹಾರೈಸುತ್ತಲೂ ಇದ್ದಳು) ಸೋಫಾದ ಮೇಲೆ ಕೂತು ನೋಡುತ್ತಿದ್ದಳು.

"ಬಾಗಿಲು ತೆಗೀರಿ, ಒಳಗೆ ಬನ್ನಿ, ಬಾಗಿಲು ಹಾಕಿ, ಲೈಟ್ ಹಾಕಿ," ಎಂದಳು ಹೆಂಡತಿ ಒಂದೇ ಉಸಿರಿಗೆ.

ಯಂತ್ರ ಎರಡೂ ಕೈಯಿಂದ ಬಾಗಿಲನ್ನು ಹಿಡಿದು ಮೇಲಕ್ಕೆತ್ತತೊಡಗಿತು.

"ಅಯ್ಯೋ, ಏನ್ರೀ ಮಾಡ್ತಿದೀರಾ!"

"ತೆಗಿ ಅಂದ್ಯಲ್ಲ, ಕಿತ್ತು ತೆಗೀತಾ ಇದೀನಿ. ಯಂತ್ರ ಕಣೇ ನಾನು, ನನಗೆ ಬುದ್ಧಿ ಇಲ್ಲ!" ಮಗಳು ಅದನ್ನು ಬರೆದಿಟ್ಟುಕೊಳ್ಳುವವಳ ಹಾಗೆ ತಲೆಯಾಡಿಸಿದಳು. ಮೇಷ್ಟ್ರು ಪಾಠಕ್ಕೆ ಇಳಿದರು. "ನೋಡು, ಬಾಗಿಲು ಹಾಕಿದ್ರೆ ಮುಚ್ಚುತ್ತೆ. ಲೈಟ್ ಹಾಕಿದ್ರೆ ಹತ್ತುತ್ತೆ. ಅಂಗಿ ಹಾಕಿದ್ರೆ ಮೈಮೇಲೆ ಬರುತ್ತೆ, ಕಸ ಹಾಕಿದ್ರೆ ಹೊರಗೆ ಹೋಗುತ್ತೆ. ಬಡಪಾಯಿ ಯಂತ್ರ ಏನಂತ ತಿಳ್ಕೋಬೇಕು?"

"ನಾನೀಗ ಎರಡು ಹಾಕಿದ್ರೆ ಎಲ್ಲಿಗೆ ಬೀಳುತ್ತೆ ಅಂತ ಯಂತ್ರಕ್ಕೆ ಗೊತ್ತಾಗುತ್ತಾ?"

ಯಂತ್ರಕ್ಕೆ ಅದು ಮಾತ್ರ ಸ್ಪಷ್ಟವಾಗಿ ಗೊತ್ತಾಯಿತು.

ಅಂದಿನಿಂದ ಆ ಮನೆಯಲ್ಲಿ 'ಹಾಕು', 'ತೆಗೆ' ಎಂಬ ಎರಡು ಕ್ರಿಯಾಪದಗಳಿಗೆ ಬಹಿಷ್ಕಾರ ಬಿತ್ತು. ಮಗಳು ಬೆಳಿಗ್ಗೆ ಎದ್ದು, "ಮಾತೆಯೇ, ಸಮವಸ್ತ್ರವನ್ನು ಧರಿಸಿದ್ದೇನೆ, ಬಾಗಿಲನ್ನು ಮುಚ್ಚಿ ಹೊರಡುತ್ತಿದ್ದೇನೆ" ಎಂದು ಕೂಗಿ ಹೋಗುತ್ತಿದ್ದಳು. ಈ ಮನೆಯಲ್ಲಿ ಯಾವುದೋ ರಾಜರ ಕಾಲದ ನಾಟಕದ ತಯಾರಿ ನಡೆದಿದೆ ಎಂದು ಪಕ್ಕದ ಮನೆಯವರು ಅಂದುಕೊಂಡರು.

ಹೆಂಡತಿ ಬಹಳ ಬೇಗ ಪಳಗಿದಳು. ಆಫೀಸಿನ ದನಿ ತೆಗೆದು (ಕ್ಷಮಿಸಿ, ಬಳಸಿ), ಒಂದೊಂದೇ ಆಜ್ಞೆಯನ್ನು ಬಿಡಿಸಿ ಬಿಡಿಸಿ ಕೊಡತೊಡಗಿದಳು. "ಏಣಿಯನ್ನು ಫ್ಯಾನಿನ ಕೆಳಗೆ ನಿಲ್ಲಿಸಿ. ಹತ್ತಿ. ಒದ್ದೆ ಬಟ್ಟೆಯಿಂದ ರೆಕ್ಕೆಯನ್ನು ಎಡದಿಂದ ಬಲಕ್ಕೆ ಒರೆಸಿ. ನಾನು ಸಾಕು ಅನ್ನೋ ತನಕ ಮತ್ತೆ ಮತ್ತೆ ಒರೆಸಿ."

ಅಷ್ಟರಲ್ಲಿ ಆಕೆಯ ತಂಗಿಯ ಫೋನು ಬಂತು. ಅಕ್ಕತಂಗಿಯರ ಲೋಕಾಭಿರಾಮ ಮುಗಿದು ಆಕೆ ಹಾಲಿಗೆ ಬಂದಾಗ ಮೇಷ್ಟ್ರು ಇನ್ನೂ ಏಣಿಯ ಮೇಲೆ ಇದ್ದರು. ರೆಕ್ಕೆಯ ಬಣ್ಣ ಹೋಗಿತ್ತು.

"ಇದನ್ನೇ ಕೊನೆಯಿಲ್ಲದ ಲೂಪ್ ಅನ್ನೋದು," ಎಂದರು ಮೇಷ್ಟ್ರು, ಒರೆಸುತ್ತಲೇ, ಹೆಮ್ಮೆಯಿಂದ.

"ಅಡುಗೆಮನೇಲೂ ಒಂದು ಫ್ಯಾನ್ ಇದೆ," ಎಂದಳು ಹೆಂಡತಿ.

ಪರೀಕ್ಷೆಯ ದಿನ ಬಂತು. ಶಾಲೆಯ ದೊಡ್ಡ ಕೋಣೆಯಲ್ಲಿ ಶಿಕ್ಷಕರು ಮುಂದೆ, ತಂಡದ ಮಕ್ಕಳು ಹಿಂದೆ. ಮೊದಲ ಸರದಿ ಚಿತ್ರಕಲೆಯ ಮೇಷ್ಟ್ರದು. ಆಜ್ಞೆ ಕೊಡಲು ಅವರು ತಮ್ಮ ಅತ್ತೆಯನ್ನು ಕರೆತಂದಿದ್ದರು. ಅಳಿಯ ಬಾಗಿಲಲ್ಲಿ ಬೊಂಬೆಯಂತೆ ನಿಂತದ್ದನ್ನು ಕಂಡು ಆ ಹಿರಿಯರಿಗೆ ಕರುಳು ಚುರುಕ್ಕೆಂದಿತು. "ನೀವು ಕೂತ್ಕೊಳಿ ಅಳಿಯಂದಿರೇ, ನೀರು ತಾನೇ, ನಾನೇ ಕೊಡ್ತೀನಿ" ಎಂದು ತಾವೇ ಲೋಟ ತುಂಬಿಸಿ ಮೇಡಂ ಕೈಗಿತ್ತರು. ಎಲ್ಲರೂ ಚಪ್ಪಾಳೆ ತಟ್ಟಿದರು, ಆದರೆ ಅಂಕ ಸಿಗಲಿಲ್ಲ.

ನಮ್ಮ ಮೇಷ್ಟ್ರಿಗೆ ಒಳಗೊಳಗೇ ಸಕ್ಕರೆ ತಿಂದಷ್ಟು ಸಂತೋಷ. ಇನ್ನು ತಂಡ ತಮ್ಮದೇ.

"ಹಿಡಿಕೆಯನ್ನು ಕೆಳಕ್ಕೆ ಒತ್ತಿ. ಬಾಗಿಲನ್ನು ಒಳಕ್ಕೆ ತಳ್ಳಿ. ಒಳಗೆ ಬನ್ನಿ." ಹೆಂಡತಿಯ ದನಿ ಗಾಜಿನಷ್ಟು ಸ್ವಚ್ಛವಾಗಿತ್ತು. "ಬಲಗೈಯ ತೋರುಬೆರಳಿನಿಂದ ಬಿಳಿ ಸ್ವಿಚ್ ಒತ್ತಿ." ದೀಪ ಹತ್ತಿತು. "ಮೇಜಿನ ತನಕ ನಡೆಯಿರಿ. ಎಡಗೈಯಲ್ಲಿ ಜಗ್ಗನ್ನು ಎತ್ತಿ. ಒಳಗೆ ನೋಡಿ." ಯಂತ್ರ ನೋಡಿತು. ಮೇಡಂ ಮೆಚ್ಚಿ ತಲೆದೂಗಿದರು. "ನೀರು ಇದ್ದರೆ, ಲೋಟಕ್ಕೆ ಬಗ್ಗಿಸಿ. ಇಲ್ಲದಿದ್ದರೆ..."

ಹೆಂಡತಿ ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದಳು. ಅಷ್ಟೇ ಸಾಕಾಯಿತು. ಆ ಪದ ಅಷ್ಟು ಜನರ ಎದುರು ತಮ್ಮದೇ ಹೆಂಡತಿಯ ಬಾಯಿಂದ ಬಂದು ತಮ್ಮ ಕಿವಿಗೇ ಬಿದ್ದದ್ದು ಮೇಷ್ಟ್ರಿಗೆ ಇದೇ ಮೊದಲು. ಯಂತ್ರ ಎಲ್ಲಿ ಹೋಯಿತೋ, ಗಂಡ ಎದ್ದು ಕೂತ.

"ಇಲ್ಲದಿದ್ದರೆ?" ಎಂದರು ಜಗ್ಗನ್ನು ಝಳಪಿಸುತ್ತ. "ಇಲ್ಲದಿದ್ದರೆ ಏನೇ ಮಾಡ್ತೀಯಾ?"

ಮಗಳು ಮೆಲ್ಲಗೆ ಬೆಂಚಿನ ಕೆಳಗೆ ಇಳಿದಳು. ಹೆಂಡತಿಯ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಇದಕ್ಕಿಂತ ಸಿಟ್ಟಿನ ಗಿರಾಕಿಗಳನ್ನು ಆಕೆ ದಿನಾ ಕೇಳುತ್ತಿದ್ದಳು.

"ಇಲ್ಲದಿದ್ದರೆ," ಎಂದಳು ಅದೇ ದನಿಯಲ್ಲಿ, "ಇದ್ದಲ್ಲೇ ನಿಂತು, ಬಾಯಿ ಮುಚ್ಚಿ, ಮುಂದಿನ ಆಜ್ಞೆಗೆ ಕಾಯಿರಿ."

ಮೇಷ್ಟ್ರು ನಿಂತರು. ಬಾಯಿ ಮುಚ್ಚಿದರು. ಕಾದರು. ಆಮೇಲೆ ಹೇಳಿದಂತೆ ನೀರು ಬಗ್ಗಿಸಿ, ಒಂದು ಹನಿಯೂ ಚೆಲ್ಲದೆ ಮೇಡಂ ಕೈಗೆ ಕೊಟ್ಟರು. ಕೋಣೆಗೆ ಕೋಣೆಯೇ ನಕ್ಕು ನಕ್ಕು ಚಪ್ಪಾಳೆ ತಟ್ಟಿತು.

ಮೇಡಂ ಕಣ್ಣೊರೆಸಿಕೊಂಡು ವೇದಿಕೆ ಹತ್ತಿದರು. "ಪ್ರೋಗ್ರಾಂನಲ್ಲಿ ಒಂದು ತಪ್ಪೂ ಇಲ್ಲ. ಯಂತ್ರ ಮಾತ್ರ ಕೆಟ್ಟಿದೆ. ಕೆಟ್ಟ ಯಂತ್ರದಿಂದಲೂ ಕೆಲಸ ತೆಗೆದರಲ್ಲ, ಅಂಥವರೇ ನಮ್ಮ ತಂಡಕ್ಕೆ ಬೇಕು. ಪೋಷಕರೂ ಮಾರ್ಗದರ್ಶಕರಾಗಬಹುದು ಅಂತ ನಾನು ಮೊದಲೇ ಹೇಳಿದ್ದೆ." ವೇದಿಕೆಯ ಮೇಲೆ ಹೆಸರು ಕರೆದದ್ದೂ ಆಯಿತು. ಅದು ಹೆಂಡತಿಯ ಹೆಸರು. (ಇನ್ನು ಮುಂದೆ ನಾವೂ ಅವರನ್ನು ಬಹುವಚನದಲ್ಲೇ ಕರೆಯುವುದು ಕ್ಷೇಮ.)

ಮನೆಗೆ ನಡೆದು ಬರುವಾಗ ಮೇಷ್ಟ್ರು ಎರಡು ಹೆಜ್ಜೆ ಹಿಂದೆಯೇ ಉಳಿದರು. ಅವರಿಗೆ ನಿಜವಾಗಿಯೂ ನೋವಾಗಿತ್ತು.

"ಬೇಜಾರಾಯ್ತಾ?" ಎಂದರು ಹೆಂಡತಿ.

"ಒಂದು ಸಲ ನನ್ನ ಹೆಸರು ಕರೀಲಿ ಅಂತ ಆಸೆ ಇತ್ತು ಕಣೇ."

"ಸ್ಪರ್ಧೆಗೆ ಲೆಕ್ಕ ಹೇಳಿಕೊಡೋರು ಯಾರ್ರೀ? ನನಗೆ ಬರೋದು ಬಟ್ಟೆ ಒಗೆಯೋ ಯಂತ್ರದ ವಿಷಯ ಮಾತ್ರ. ನೀವೂ ಬರಬೇಕು. ನಿಮ್ಮ ಹೆಸರೂ ಬರೆಸ್ತೀನಿ."

ಮೇಷ್ಟ್ರ ಮುಖ ಅರಳಿತು. ಹೆಂಡತಿ ಕೊಟ್ಟ ಮಾತು ಉಳಿಸಿಕೊಂಡರು. ಶಾಲೆಯ ನೋಟಿಸ್ ಬೋರ್ಡಿನಲ್ಲಿ ಮಾರ್ಗದರ್ಶಕರ ಹೆಸರಿನ ಕೆಳಗೇ ಮೇಷ್ಟ್ರ ಹೆಸರು ಬಂತು, ಅದರ ಪಕ್ಕದಲ್ಲಿ 'ಯಂತ್ರ (ದುರಸ್ತಿಯಲ್ಲಿದೆ)' ಎಂದು. ಅಕ್ಷರ ಮಗಳದ್ದು.

ಈಗ ಪ್ರತಿ ಶನಿವಾರ ತಂಡದ ಮಕ್ಕಳು ಅವರ ಮನೆಯ ಹಾಲಿನಲ್ಲಿ ಸೇರುತ್ತಾರೆ. ಮೇಷ್ಟ್ರು ಒಂದು ಗಂಟೆ ಲೆಕ್ಕ ಹೇಳಿಕೊಡುತ್ತಾರೆ, ಆಮೇಲೆ ಮಕ್ಕಳು ಸರದಿಯ ಮೇಲೆ ಅವರಿಗೆ ಆಜ್ಞೆ ಕೊಡುತ್ತಾರೆ. ಇಷ್ಟು ವರ್ಷ ಅವರ 'ಇಲ್ಲದಿದ್ದರೆ' ಕೇಳಿದ ಮಕ್ಕಳು ಈಗ ಬಡ್ಡಿ ಸಮೇತ ತೀರಿಸುತ್ತಿದ್ದಾರೆ. ಮಕ್ಕಳು ಹೋದ ಮೇಲೆ ಮೇಜಿನ ತುಂಬ ಟೀ ಲೋಟಗಳು.

"ರೀ, ಆ ಲೋಟ ಎಲ್ಲಾ ತೊಳೆದಿಡಿ," ಎನ್ನುತ್ತಾರೆ ಮಾರ್ಗದರ್ಶಕರು ಸೋಫಾದಿಂದಲೇ. "ಇಲ್ಲದಿದ್ದರೆ..."

ಅದರ ಮುಂದೆ ಏನಿದೆ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅಷ್ಟು ಹೊತ್ತಿಗೆ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದು ಕೇಳಿಸಿರುತ್ತದೆ.