ಬೀಗರ ಕಣ್ಣಿನ ಗುಟ್ಟು

ರೋಗಿ ಒಬ್ಬನೇ ಬಂದರೆ ಕಣ್ಣಿನ ಡಾಕ್ಟರ ಕೆಲಸ ಸುಲಭ. ಅವನ ಮನೆತನವನ್ನೆಲ್ಲ ನೋಡಲು ಹೊರಟಿರೋ, ಇಂಥವು ನಡೆಯುತ್ತಲೇ ಇರುತ್ತವೆ.

ನಿಜಾಮನ ರಾಜ್ಯ ಹೋದ ಮರುವರ್ಷ ನಾನು ಹುಮನಾಬಾದಿನ ದವಾಖಾನೆಯಲ್ಲಿದ್ದೆ. ವಾರಕ್ಕೊಮ್ಮೆ ಕಲ್ಯಾಣಿಗೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ, ಹೋಗುತ್ತಿದ್ದೆ. ಹುಮನಾಬಾದಿನ ಒಬ್ಬ ದರ್ಜಿಗೆ ಕರಿಗುಡ್ಡೆಯ ಮುಂದಿನ ಗಾಜಿನಂಥ ಪೊರೆಯಲ್ಲಿ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳಿದ್ದವು. ಬಿಸಿಲಿಗೆ ಬಂದರೆ ಕಣ್ಣಲ್ಲಿ ನೀರು ಸುರಿದು ಎದುರಿನವರ ಮುಖವೂ ಕಾಣುತ್ತಿರಲಿಲ್ಲ. ಇದು ರಕ್ತದಲ್ಲೇ ಬರುವ ರೋಗ. ವಯಸ್ಸಿಗೆ ಬಂದರೂ ಚುಕ್ಕೆ ಕಾಣದವರು ಪಾರಾದಂತೆ; ಅವರ ಮಕ್ಕಳಿಗೂ ಭಯವಿಲ್ಲ.

೧. ಟಾಂಗಾ ತುಂಬ ಬಳಗ

"ಮನೆಮಂದಿಯನ್ನು ಕರೆದುಕೊಂಡು ಬನ್ನಿ" ಎಂದಿದ್ದೆ. ಮರುದಿನ ದರ್ಜಿ ಟಾಂಗಾ ತುಂಬಿಸಿಕೊಂಡು ಬಂದ. ಹೆಂಡತಿ, ಹೆಂಡತಿಯ ತಮ್ಮ, ಮಂಠಾಳದ ಷಡ್ಡಕ, ಪಕ್ಕದ ಮನೆಯ ಅತ್ತರು ಮಾರುವ ಸಾಹೇಬರು. ಎಲ್ಲರ ಕಣ್ಣೂ ನೋಡಿದೆ. ದರ್ಜಿಯ ರಕ್ತದವರು ಒಬ್ಬರೂ ಇರಲಿಲ್ಲ.

"ಒಬ್ಬ ಮಗಳಿದ್ದಾಳೆ ಎಂದಿದ್ದಿರಲ್ಲ, ಅವಳೆಲ್ಲಿ?" ಎಂದೆ.

"ಆಕಿ ಲಗ್ನ ಗೊತ್ತಾಗ್ಯಾದ್ರಿ. ಕಲ್ಯಾಣಿ ಒಳಗ ನಮ್ಮ ಅಕ್ಕನ ಮಗಗ ಕೊಡಾಕತ್ತೀವಿ. ದವಾಖಾನಿಗಿ ಬಂದಿದ್ದು ತಿಳೀತಂದ್ರ ಲಗ್ನ ಮುರೀತದರಿ."

"ಹಾಗಾದರೆ ಅಕ್ಕನನ್ನಾದರೂ ಕರೆಸಿ. ಅವರೂ ನಿಮ್ಮ ರಕ್ತವೇ ಅಲ್ಲವೇ?"

"ಈಗ ಎಲ್ಲಿ ಅಕ್ಕರಿ? ಬೀಗತಿ ಆಗ್ಯಾಳ!"

೨. ಹಗಲಲ್ಲಿ ಬ್ಯಾಟರಿ

ಕೊನೆಗೆ ನಾನೇ ಅವನ ಮನೆಗೆ ಹೋದೆ. ಮಗಳನ್ನು ಕೂರಿಸಿ, ಬ್ಯಾಟರಿ ಬಿಟ್ಟು, ಭೂತಗನ್ನಡಿ ಹಿಡಿದು, "ಮೇಲೆ ನೋಡಮ್ಮ, ಈಗ ಕೆಳಗೆ" ಎನ್ನುತ್ತಿದ್ದೆ. ನೆರೆಮನೆಯ ಮುದುಕಿ ಕಿಟಕಿಯಲ್ಲಿ ಇಣುಕಿದಳು.

"ಇನ್ನೊಂದು ವರ ಬಂದಾನೇನ? ಹಗಲೊತ್ತಿನಾಗ ಬ್ಯಾಟರಿ ಹಚ್ಚಿ ಇಷ್ಟು ಬಾರೀಕಾಗಿ ಕನ್ಯಾ ನೋಡೋ ಮನಷ್ಯಾನ ನಾ ಎಲ್ಲೂ ಕಂಡಿಲ್ಲವ್ವಾ!"

ಹುಡುಗಿಯ ಎರಡೂ ಕಣ್ಣು ತಿಳಿಯಾಗಿದ್ದವು.

"ಅಪ್ಪನ ಹಂಗ ಆಗಾಂಗಿಲ್ಲಲ್ರಿ?" ಎಂದಳು.

"ಆಗೋದಿಲ್ಲಮ್ಮ" ಎಂದೆ. ಎಷ್ಟು ದಿನದಿಂದ ಒಳಗೇ ಹೆದರಿದ್ದಳೋ, ಬಿಕ್ಕಿ ಬಿಕ್ಕಿ ಅತ್ತಳು. ನನಗೂ ಸಂತೋಷವಾಯಿತು. ಆಗ ಮುದುಕಿ ಒಳಗೇ ನುಗ್ಗಿ ಅವಳ ಬೆನ್ನು ಸವರಿದಳು.

"ಅಳಬ್ಯಾಡವ್ವಾ. ಇಂವ ಒಪ್ಪಲಿಲ್ಲಂದ್ರ ಏನಾತು, ಕಲ್ಯಾಣಿಯಂವ ಅದಾನಲ್ಲ!"

೩. ಹದ್ದಿನ ಕಣ್ಣು

ಮುಂದಿನ ವಾರ ಕಲ್ಯಾಣಿಯಲ್ಲಿ ಒಬ್ಬ ಹೆಂಗಸು ಹಣೆ ಮುಚ್ಚುವಂತೆ ಸೆರಗು ಎಳೆದುಕೊಂಡು ಮಗನ ಜೊತೆ ಬಂದಳು. ಅವಳಿಗೂ ಅದೇ ಚುಕ್ಕೆ. ಮಗನ ಕಣ್ಣು ತಿಳಿ.

"ಹುಮನಾಬಾದಿನ ದರ್ಜಿ ನನ್ನ ತಮ್ಮರಿ. ಅವಗ ಮಾತ್ರ ಹೇಳಬ್ಯಾಡ್ರಿ. ನನಗ ಕಣ್ಣಿನ ಬ್ಯಾನಿ ಅದ ಅಂತ ಗೊತ್ತಾದ್ರ ಹೆಣ್ಣು ಕೊಡಾಂಗಿಲ್ಲ."

"ತಮ್ಮನ ಕಣ್ಣು ಹೇಗಿವೆ?" ಎಂದು ಮೆಲ್ಲಗೆ ಕೇಳಿದೆ.

"ಹದ್ದಿನ ಕಣ್ಣರಿ! ದರ್ಜಿ ಅಲ್ಲೇನ್ರಿ ಅಂವ!"

೪. ಬೀಗರ ಭೇಟಿ

ಎರಡೂ ಕಡೆಯ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಮದುವೆಗೆ ಹೋದೆ. ಬೀಗರು ಊರ ಹೊರಗೆ ಎದುರಾಗಿ, ಗುಲಾಲು ಹಚ್ಚಿ, ಅಪ್ಪಿಕೊಂಡ ಮೇಲೆಯೇ ದಿಬ್ಬಣ ಒಳಗೆ ಬರುವುದು ಪದ್ಧತಿ. ಅವತ್ತು ಸುಡು ಬಿಸಿಲು. ಈ ಕಡೆ ತಮ್ಮ, ಆ ಕಡೆ ಗಂಡನ ಜೊತೆ ಅಕ್ಕ; ಅಕ್ಕ ತಮ್ಮ ಇಬ್ಬರ ಕಣ್ಣಲ್ಲೂ ಧಾರಾಕಾರ ನೀರು.

"ಅಕ್ಕ ತಮ್ಮನ ಮಾಯಾ-ಮಮತಾ ನೋಡ್ರಿ!" ಎಂದು ಜನ ತಾವೂ ಕಣ್ಣೊರೆಸಿಕೊಂಡರು.

ನಡುವೆ ಹಲಗೆ ಬಾರಿಸುವವನು ನಿಂತಿದ್ದ. ದರ್ಜಿ "ಭಾವಾ!" ಎಂದು ಅವನನ್ನೇ ಗಟ್ಟಿಯಾಗಿ ಅಪ್ಪಿಕೊಂಡ. ಅಷ್ಟರಲ್ಲಿ ಅಕ್ಕ "ತಮ್ಮಾ!" ಎಂದು ಅದೇ ಹಲಗೆಯವನ ಎರಡೂ ಕೆನ್ನೆಗೆ ಗುಲಾಲು ಬಳಿದಳು.

ಹಲಗೆ ನಿಂತಿತು.

"ಅಕ್ಕಾ, ನಿನಗೂ ಕಾಣಾಂಗಿಲ್ಲೇನ?" ಎಂದ ದರ್ಜಿ.

"ನಿನಗೂ ಏನೋ?" ಎಂದಳು ಅಕ್ಕ.

ಮದುವೆ ಅಲ್ಲೇ ಮುರಿಯಿತು ಎಂದುಕೊಂಡು, "ಮೊದಲು ನೆರಳಿಗೆ ಬನ್ನಿ" ಎಂದೆ. ಇಬ್ಬರೂ ನನ್ನ ದನಿ ಬಂದ ಕಡೆಗೆ ತಿರುಗಿ, "ಹುಡುಗರ ಕಣ್ಣು ಹ್ಯಾಂಗ ಅವರಿ?" ಎಂದು ಒಟ್ಟಿಗೇ ಕೇಳಿದರು.

"ಇಬ್ಬರದೂ ತಿಳಿ. ನಿಮ್ಮ ಮೊಮ್ಮಕ್ಕಳಿಗೂ ಭಯವಿಲ್ಲ" ಎಂದೆ.

ಆಗ ಅಕ್ಕ ತಮ್ಮ ತಡಕಾಡಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಜವಾಗಿಯೇ ಅತ್ತರು. ಹಲಗೆಯವನು ಮಾತ್ರ ಗುಲಾಲು ಬಳಿದ ಮುಖದಲ್ಲಿ ಕಂಗಾಲಾಗಿ ನನ್ನ ಹತ್ತಿರ ಬಂದ.

"ಡಾಕ್ಟರ್ ಸಾಹೇಬ್ರ, ನಾ ಈಗ ಯಾರ ಕಡಿ ಬೀಗರಿ? ಊಟಕ್ಕ ಯಾವ ಪಂಗ್ತಿಯಾಗ ಕೂಡ್ಲಿ?"