ಎರಡನೆಯ ಗೋಡೆಗೆ ನನ್ನ ಬಡ್ತಿ

ಚೆಂಡಾಟದಲ್ಲಿ ನನಗಿರುವ ಯೋಗ್ಯತೆಗೆ ತಕ್ಕ ಮರ್ಯಾದೆ ಪಟ್ಟಣದಲ್ಲಿ ಸಿಗುತ್ತಿಲ್ಲ ಎಂಬ ವಿಷಯದಲ್ಲಿ ನನಗೆ ಎಂದೂ ಸಂದೇಹವಿರಲಿಲ್ಲ. ನಾನು ನಾಗಮಂಗಲದ ಅಕ್ಕಸಾಲಿ. ಶ್ರೀರಂಗಪಟ್ಟಣದ ಪೇಟೆಯಲ್ಲಿ ಅಂಗಡಿ ಹಾಕಿದ್ದೆ. ಹಗಲೆಲ್ಲ ಮೂಗುತಿ, ಓಲೆ, ಕಾಲುಂಗುರ. ಸಂಜೆಯಾದರೆ ಚೆಂಡು.

ಈ ಆಟ ತಂದವರು ಸರ್ಕಾರದ ಫಿರಂಗಿ ಕಾರ್ಖಾನೆಗೆ ಬಂದಿದ್ದ ಫರಾಸಿಗಳು, ಎಂದರೆ ಫ್ರೆಂಚರು. ಅವರಲ್ಲಿ ಯಾರನ್ನು ಕಂಡರೂ ನಾವು ‘ಮುಸ್ಸೆ’ ಎನ್ನುತ್ತಿದ್ದೆವು. ಗೋಡೆಗೆ ಒಬ್ಬ ಚೆಂಡು ಹೊಡೆಯಬೇಕು, ತಿರುಗಿ ಬಂದದ್ದನ್ನು ಇನ್ನೊಬ್ಬ ಹೊಡೆಯಬೇಕು. ಆಟ ಇಷ್ಟೇ. ಆದರೆ ಇದಕ್ಕೂ ಅಂತಸ್ತು ಇತ್ತು. ಮೊದಲನೆ ಗೋಡೆ ಮುಸ್ಸೆಗಳದು, ಗಾರೆ ಬಳಿದದ್ದು. ಅಲ್ಲಿ ಆಡುವವರು ಕರುಳಿನ ತಂತಿ ಹೆಣೆದ ‘ರಕೇಟು’ ಹಿಡಿಯುತ್ತಿದ್ದರು. ಎರಡನೆಯದು ಇಟ್ಟಿಗೆಯದು. ಅಲ್ಲಿ ಸಿಪಾಯಿಗಳು, ಗುಮಾಸ್ತರು ಮರದ ಹಲಗೆಯಿಂದ ಹೊಡೆಯುತ್ತಿದ್ದರು. ಮೂರನೆಯದು ಕುದುರೆ ಲಾಯದ ಹಿಂದಿನ ಮಣ್ಣಿನ ಗೋಡೆ. ಅಲ್ಲಿ ಅಂಗೈಯೇ ಆಯುಧ. ಆಡುವವರು ಎಣ್ಣೆ ಮಾರುವವರು, ಹೂವಿನವರು, ನಾನು ಮತ್ತು ಬೆನ್ನು ಉಜ್ಜಿಕೊಳ್ಳಲು ಬರುತ್ತಿದ್ದ ಒಂದು ಮುದಿ ಎಮ್ಮೆ. ಎಮ್ಮೆ ಉಜ್ಜಿ ಮುಗಿಸಿ ಹೋಗುವವರೆಗೆ ಆಟ ನಿಲ್ಲಿಸಬೇಕಾಗಿತ್ತು.

ಎರಡನೆ ಗೋಡೆಗೆ ಏರಬೇಕೆಂಬುದು ನನ್ನ ಜೀವನದ ಆಸೆ. ಯಾರು ಯಾವ ಗೋಡೆಗೆ ಎಂದು ತೀರ್ಮಾನಿಸುತ್ತಿದ್ದವರು ಒಬ್ಬ ಜಮಾದಾರರು. ನಾನು ಸಲಾಮು ಹೊಡೆದಾಗಲೆಲ್ಲ ಅವರು ಎಮ್ಮೆ ಇದ್ದ ದಿಕ್ಕಿಗೆ ಕೈ ತೋರಿಸುತ್ತಿದ್ದರು.

ಆಷಾಢದ ಒಂದು ದಿನ ದೇವರು ಕಣ್ಣು ಬಿಟ್ಟ. ಕಾರ್ಖಾನೆಯ ಹಿರಿಯ ಮುಸ್ಸೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ನದಿಯ ಥಂಡಿಗೆ ಅವನ ರಕೇಟಿನ ಕರುಳು ತಂತಿ ಜೋತುಬಿದ್ದಿತ್ತು. ಮಾರನೆಯ ದಿನವೇ ಹಿರೋಡೆ ಪಾಳ್ಯದ ಮುಸ್ಸೆಗಳ ಮೇಲೆ ಪಂದ್ಯ.

“ತಂತಿ ತಾನೆ ಸಾಹೇಬ್ರೆ? ಕೂದ್ಲೆಳೆ ಅಷ್ಟು ಸಣ್ಣಕ್ಕೆ ಎಳೀತೀನಿ. ನನ್ಗೆ ಬುಡಿ,” ಎಂದು ಪಕ್ಕದಲ್ಲಿದ್ದ ಜಮಾದಾರರಿಗೆ ಹೇಳಿದೆ.

ಜಮಾದಾರರು ನನ್ನನ್ನು ಮೊದಲ ಸಲ ಪೂರ್ತಿ ನೋಡಿದರು. “ಖುದಾ ಕಸಂ ಆಚಾರಿ, ಇದು ಸರಿ ಮಾಡ್ಬುಟ್ರೆ ನಾಳೆಯಿಂದ ಎರಡ್ನೇ ಗೋಡೆ ನಿಂದು.”

ರಕೇಟನ್ನು ಎದೆಗವುಚಿಕೊಂಡು ಮನೆಗೆ ಬಂದೆ. ನನ್ನ ಹೆಂಡತಿ ಕಾಳಮ್ಮ ಬಾಗಿಲಲ್ಲೇ ತಡೆದಳು.

“ಅದೇನು, ಜರಡಿಯಾ?”

“ರಕೇಟು ಕಣೆ. ಮುಸ್ಸೆದು.”

“ಅದ್ರ ದಾರ ಯಾವುದ್ರುದು?”

“ಕುರಿ ಕರ್ಳು.”

“ಚಿನ್ನ ಕಾಯ್ಸೋ ಅಗ್ಗಿಷ್ಟಿಕೆ ಮುಂದೆ ದಿನಾ ದೀಪ ಅಚ್ತೀನಿ, ಅಲ್ಲಿಗೆ ಕುರಿ ಕರ್ಳು ತಂದ್ಬುಟ್ರಾ? ಆಚೆ ನಡೀರಿ. ಅದೂ ಆಚೆ, ನೀವೂ ಆಚೆ.”

ಜಗಲಿಯಲ್ಲಿ ಕೂತು ಕರುಳನ್ನು ಕತ್ತರಿಸಿ ಎಸೆದೆ. ಬೇರೆ ಕರುಳು ತರುವಂತಿಲ್ಲ. ಆಗ ನನ್ನ ಬುದ್ಧಿ ಮಿಂಚಿತು. ನಮ್ಮ ಕಸುಬಿನ ಉಕ್ಕಿನ ಕಂಬಚ್ಚಿನ ಸಣ್ಣ ತೂತುಗಳಲ್ಲಿ ಹಿತ್ತಾಳೆಯನ್ನು ತಂತಿಯಾಗಿ ಎಳೆದು ರಕೇಟಿಗೆ ಹೆಣೆದುಬಿಟ್ಟೆ. ಬೆರಳಲ್ಲಿ ಮೀಟಿದರೆ ತಂಬೂರಿಯ ನಾದ! ಫರಾಸಿ ದೇಶದವರಿಗೆ ಹೊಳೆಯದ್ದು ನಾಗಮಂಗಲದವನಿಗೆ ಹೊಳೆಯಿತಲ್ಲ ಎಂದು ನನಗೆ ನಾನೇ ತಲೆದೂಗಿದೆ.

ತಂತಿ ಬಿಗಿದಂತೆಲ್ಲ ಮರದ ಚೌಕಟ್ಟು ಒಂದು ಕಡೆಗೆ ಬಗ್ಗಿತು. ಇನ್ನೊಂದು ಕಡೆ ಬಿಗಿದೆ. ಈಗ ಅದು ದೊಡ್ಡ ಸೌಟಿನಂತೆ ಕಾಣತೊಡಗಿತು. ದೇವಲಾಪುರದಿಂದ ಬಂದು ನಮ್ಮಲ್ಲೇ ಊಟಕ್ಕೆ ಬೇರೂರಿದ್ದ ನನ್ನ ಬಾಮೈದ ಬಡಗಿ. ಅವನು ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ಹೇಳಿದ: “ಮರ ನೆಟ್ಟಗಾಗ್ಬೇಕಾದ್ರೆ ಬೇಯಿಸ್ಬೇಕು ಭಾವ.”

ಅಷ್ಟಗಲದ ಪಾತ್ರೆ ನಮ್ಮ ಮನೆಯಲ್ಲಿ ಒಂದೇ, ಮುದ್ದೆಯದು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಕಾಳಮ್ಮ ಹಿತ್ತಲಿಗೆ ಹೋದ ಸಮಯ ನೋಡಿ ರಕೇಟನ್ನು ಮುಳುಗಿಸಿದೆ. ಹೊಗೆ ತುಂಬಿದ ಅಡಿಗೆಮನೆಗೆ ಅವಳು ಬಂದವಳೇ ರಾಗಿ ಹಿಟ್ಟು ಸುರಿದಳು. ಆಮೇಲೆ ಕೋಲು ಹಾಕಿ ತಿರುವಿದಳು. ಕೋಲು ತಿರುಗಲಿಲ್ಲ.

ಅವಳು ಕೋಲಿನ ತುದಿಯಿಂದ ರಕೇಟನ್ನು ಎತ್ತಿ ಹಿಡಿದಳು. “ಬೆಂದಿದ್ದು ಸಾಕಾ, ಇಲ್ಲ ಒಗ್ಗರಣೆನೂ ಆಕ್ಬೇಕಾ?” ಎಂದು ಕೇಳಿದಳು.

ಬಾಮೈದ ಮಾತ್ರ ಆ ಮುದ್ದೆಯನ್ನು ತೃಪ್ತಿಯಾಗಿ ಉಂಡ. ರಕೇಟು ನಿಜಕ್ಕೂ ನೆಟ್ಟಗಾಗಿತ್ತು. ಅಂಟಿದ್ದ ರಾಗಿಯನ್ನು ಕೆರೆದು, ಹುಣಿಸೆಹಣ್ಣು ಹಾಕಿ ಉಜ್ಜಿದೆ. ಬಂಗಾರದಂತೆ ಹೊಳೆಯಿತು.

ಪಂದ್ಯದ ಹೊತ್ತಿಗೆ ಮೊದಲನೆ ಗೋಡೆಯ ಮುಂದೆ ಪಟ್ಟಣದ ಅರ್ಧ ಜನ ಸೇರಿದ್ದರು. ಮುಸ್ಸೆ ರಕೇಟನ್ನು ಎತ್ತಿ ನೋಡಿದ, ಭಾರಕ್ಕೆ ಅವನ ಮುಖ ಸ್ವಲ್ಪ ಓರೆಯಾಯಿತು. ನಾನು ಜಮಾದಾರರ ಪಕ್ಕದಲ್ಲೇ ನಿಂತೆ. ಎರಡನೆ ಗೋಡೆಯವನು ನಿಲ್ಲಬೇಕಾದ ಜಾಗ ಅದು.

ಮೊದಲ ಪೆಟ್ಟಿಗೆ ‘ಟಣ್’ ಎಂದು ಎಂಥ ನಾದ ಬಂತೆಂದರೆ ಲಾಯದ ಕುದುರೆಗಳು ಕೆನೆದವು, ಭಕ್ತನೊಬ್ಬ ಕೈ ಮುಗಿದ. ಚೆಂಡೆಂದರೆ ಒಳಗೆ ಚಿಂದಿ ಸುತ್ತಿ ಮೇಲೆ ಬಟ್ಟೆ ಹೊಲಿದದ್ದು. ಬಿಗಿ ತಂತಿ ಅದರ ಹೊಲಿಗೆಯನ್ನು ಸೀಳಿತ್ತು. ಗೋಡೆಯತ್ತ ಹೋದದ್ದು ಶ್ಯಾವಿಗೆ. ಎರಡನೆಯ ಚೆಂಡು ತಂತಿಯ ತುದಿಗೆ ಸಿಕ್ಕಿ ಅಲ್ಲೇ ಉಳಿಯಿತು. ಮುಸ್ಸೆ ಕೊಡವಿದ, ಕಾಲಲ್ಲಿ ಒದ್ದ, ನೆಲಕ್ಕೆ ಕುಕ್ಕಿದ. ಚೆಂಡು ಜಗ್ಗಲಿಲ್ಲ. ಹಿರೋಡೆಯವರು ನಗು ತಡೆಯಲಾರದೆ ನೆಲದ ಮೇಲೆ ಕೂತರು. ಕೊನೆಗೆ ಮುಸ್ಸೆ ಅಂಗೈಯಲ್ಲಿ ಆಡಿ ಸೋತ. ಅಂಗೈ ಆಟದ ಒಳಗುಟ್ಟನ್ನು ಅವನಿಗೆ ಹೇಳಿಕೊಡೋಣವೆನಿಸಿತು, ಆದರೆ ಅದು ಸಮಯವಲ್ಲ ಎಂದು ಸುಮ್ಮನಾದೆ.

ಜಮಾದಾರರು ನಿಧಾನವಾಗಿ ತಿರುಗಿದರು. “ಎರಡ್ನೇ ಗೋಡೆ ಮರ್ತುಬುಡು ಆಚಾರಿ. ಮೂರನೇದಕ್ಕೂ ನಿನ್ನ ಬುಡ್ಬೇಕೋ ಬ್ಯಾಡ್ವೋ, ಎಮ್ಮೇನ ಕೇಳಿ ಏಳ್ತೀನಿ.”

ನನಗೆ ಅಳು ಬಂತು. ಸುಳ್ಳಲ್ಲ, ನಿಜವಾಗಿ ಬಂತು.

ಸೋತ ಸಿಟ್ಟಿಗೆ ಮುಸ್ಸೆ ರಕೇಟನ್ನು ಪಕ್ಕದಲ್ಲೇ ಪಂದ್ಯದವರಿಗೆ ಅಡಿಗೆ ಮಾಡುತ್ತಿದ್ದವರ ಕೆಂಡದ ಮೇಲೆ ಎಸೆದ. ಎಸರು ಕುಡಿದ ಮರ, ಅಷ್ಟು ಬೇಗ ಹೊತ್ತಿಕೊಳ್ಳಲಿಲ್ಲ. ಸಿಕ್ಕಿಕೊಂಡಿದ್ದ ಚೆಂಡು ಮಾತ್ರ ಉರಿದುಹೋಯಿತು, ರಕೇಟು ಕೆಂಡದ ಎರಡೂ ಪಕ್ಕದ ಕಲ್ಲುಗಳ ಮೇಲೆ ಅಡ್ಡಲಾಗಿ ಕೂತಿತು. ಹಿರೋಡೆಯ ಒಬ್ಬ ಮುಸ್ಸೆ ತಮಾಷೆಗೆ ತನ್ನ ಒಣ ರೊಟ್ಟಿಯನ್ನು ತಂತಿಯ ಮೇಲಿಟ್ಟ. ಅದು ಹದವಾಗಿ ಕೆಂಪಗಾಯಿತು. ಅವನು ಕಚ್ಚಿ ನೋಡಿ ಕಣ್ಣು ಮುಚ್ಚಿದ. ಇನ್ನೊಬ್ಬ ತಂದಿಟ್ಟ. ಸ್ವಲ್ಪ ಹೊತ್ತಿಗೆ ಗೆದ್ದವರೂ ಸೋತವರೂ ಸಾಲಾಗಿ ಕೂತರು. ಸೀಯದ ಹಾಗೆ ಹಿಡಿ ತಿರುಗಿಸುವುದಕ್ಕೆ ಅಗ್ಗಿಷ್ಟಿಕೆಯ ಮುಂದೆ ಪಳಗಿದ ಕೈಯೊಂದು ಬೇಕಾಗಿತ್ತು.

ಅಂದಿನಿಂದ ನಾನು ಎರಡನೆಯ ಗೋಡೆಯನ್ನು ಹಾರಿ ನೇರವಾಗಿ ಮೊದಲನೆ ಗೋಡೆಗೆ ಬಂದಿದ್ದೇನೆ. ಕಾಳಮ್ಮ ನೀರು ಸೇದುವಾಗ ನೆರೆಯವರಿಗೆ ಇಷ್ಟನ್ನು ಮಾತ್ರ ಹೇಳುತ್ತಾಳೆ, ಮುಂದಕ್ಕೆ ವಿವರಿಸುವುದಿಲ್ಲ. ದಿನವೂ ಸಂಜೆ ಅಲ್ಲಿರುತ್ತೇನೆ, ಕೈಯಲ್ಲಿ ರಕೇಟೂ ಇರುತ್ತದೆ, ಸುಖವಾಗಿದ್ದೇನೆ. ಅಪರೂಪಕ್ಕೊಮ್ಮೆ ಚೆಂಡು ನನ್ನ ಕಡೆಗೇ ಹಾರಿ ಬರುತ್ತದೆ. ನಾನು ಸಜ್ಜಾಗಿ ಏಳುತ್ತೇನೆ. ಆಗ ಎಲ್ಲರೂ ಒಟ್ಟಿಗೆ ಕೂಗುತ್ತಾರೆ:

“ಆಚಾರಿ, ಒಡೀಬ್ಯಾಡ, ರೊಟ್ಟಿ ಬಿದ್ದೋಯ್ತದೆ.”